ನಂಜು, ನೆಗಡಿ ಮತ್ತು ಮನೆಮದ್ದು

ಸೋಂಕಿನಿಂದ ಬಂದ ನೆಗಡಿಯು ಒಂದು ವಾರ, ಹೆಚ್ಚೆಂದರೆ ಹತ್ತು ದಿನಗಳಲ್ಲಿ ತಾನಾಗಿ ಇಳಿದುಹೋಗುವುದು ಎಲ್ಲರ ಅನುಭವಕ್ಕೂ ಬಂದ ಸಂಗತಿ. ಆದರೆ ಕೆಲವರ ಪಾಲಿಗೆ ನೆಗಡಿಯು ಬಂದುಹೋಗುವ ನೆಂಟನಲ್ಲ, ಮನೆಯಲ್ಲಿಯೇ ಬೇರೂರಿದ ಒಕ್ಕಲು. ಬೆಳಗ್ಗೆ ಎದ್ದೊಡನೆ ಹತ್ತು ಹದಿನೈದು ಸೀನು, ಕಣ್ಣಿನಲ್ಲಿ ನವೆ, ರಾತ್ರಿ ಕಟ್ಟಿದ ಮೂಗು, ಒಮ್ಮೊಮ್ಮೆ ಮೈಮೇಲೆ ಪಿತ್ತದ ಗಂಧೆ. ಇವೆಲ್ಲ ತಿಂಗಳುಗಟ್ಟಲೆ ನಡೆಯುತ್ತವೆ. ನಮ್ಮ ಹಳ್ಳಿಗಳಲ್ಲಿ ಇಂಥದನ್ನು ‘ನಂಜು’ ಎಂದು ಕರೆದು, ಬದನೆಕಾಯಿಯೇ ಮೊದಲಾದವನ್ನು ಬಿಡಿಸಿ, ಪಥ್ಯ ಹಿಡಿಸುವುದು ವಾಡಿಕೆ. ಪಾಶ್ಚಾತ್ಯ ವೈದ್ಯರು ಇದಕ್ಕಿಟ್ಟ ಹೆಸರು ಅಲರ್ಜಿ. ವಿಯೆನ್ನಾ ನಗರದ ವೈದ್ಯ ಪಿರ್ಕೆ ಎಂಬಾತನು 1906ರಲ್ಲಿ ಈ ಪದವನ್ನು ಬಳಕೆಗೆ ತಂದನು. ಇದರ ಉಪಶಮನಕ್ಕೆ ನಮ್ಮ ಹಿತ್ತಿಲು ಮತ್ತು ಅಡುಗೆಮನೆಗಳು ಎಷ್ಟರಮಟ್ಟಿಗೆ ನೆರವಾಗುವುವು, ಎಲ್ಲಿಗೆ ಬಂದು ಅವುಗಳ ಶಕ್ತಿ ನಿಲ್ಲುವುದು ಎಂಬುದೇ ಇಂದಿನ ವಿಚಾರ.

ಮೊದಲು ರೋಗದ ಸ್ವರೂಪ. ಊರ ತಳವಾರನು ಕಳ್ಳನನ್ನು ಕಂಡು ಕೂಗಿದರೆ ಊರಿಗೆ ಕ್ಷೇಮ. ಹಾದಿಹೋಕನನ್ನು ಕಂಡಾಗಲೆಲ್ಲ ಕೂಗಿ ಊರನ್ನೇ ಎಬ್ಬಿಸಿದರೆ ಅದೇ ಒಂದು ಉಪದ್ರವ. ದೇಹದ ರಕ್ಷಣಾಶಕ್ತಿಯು ಹೂವಿನ ಪರಾಗ, ಮನೆಯ ಧೂಳು ಮೊದಲಾದ ನಿರುಪದ್ರವಿ ವಸ್ತುಗಳನ್ನು ಶತ್ರುವೆಂದು ಬಗೆದು ಹೀಗೆಯೇ ಗದ್ದಲವೆಬ್ಬಿಸುತ್ತದೆ. ಆಗ ಅಂಗಾಂಶದ ಕೆಲವು ಕಣಗಳು ಹಿಸ್ಟಮಿನ್ ಮೊದಲಾದ ದ್ರವ್ಯಗಳನ್ನು ಸ್ರವಿಸುವುವು. ಅದರಿಂದ ಕ್ಷಣಮಾತ್ರದಲ್ಲಿ ಸೀನು, ನವೆ, ನೀರಿಳಿತಗಳು. ಕೆಲವು ಗಂಟೆಗಳ ಮೇಲೆ ಮೂಗಿನ ಒಳಪೊರೆ ಊದಿಕೊಂಡು ನಿಲ್ಲುವ ಉರಿಯೂತ. ಬಾಧೆಯು ದೀರ್ಘವಾಗುವುದು ಈ ಎರಡನೆಯ ಹಂತದಿಂದಲೇ.

ಈಗ ಒಂದು ಪ್ರದೇಶವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿವೆ. ಮಳೆ ಕಡಿಮೆಯಾದ ಬಯಲು ಸೀಮೆ. ಜೋಳ, ಶೇಂಗಾ, ಮೆಕ್ಕೆಜೋಳಗಳ ನಾಡು. ಸುಗ್ಗಿಯಲ್ಲಿ ಒಕ್ಕಣೆಯ ಯಂತ್ರದ ಬಳಿ ನಿಂತವನು ಧೂಳು, ಹೊಟ್ಟು, ಬೂಜುಗಳನ್ನು ಉಸಿರಾಡದೆ ಇರಲಾರನು. ಬೇಲಿಯಲ್ಲಿಯೂ ಕೆರೆಯಂಗಳದಲ್ಲಿಯೂ ಹಬ್ಬಿ ನಿಂತಿರುವುದು ಬಳ್ಳಾರಿ ಜಾಲಿ. ಹೆಸರು ಬಳ್ಳಾರಿಯದಾದರೂ ಗಿಡ ಅಮೆರಿಕಾ ಖಂಡದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸೌದೆಗಾಗಿಯೂ ಬರಡು ನೆಲದ ಹಸುರಿಗಾಗಿಯೂ ಈ ದೇಶಕ್ಕೆ ಬಂದಿತು. ಇದರ ಪರಾಗವು ಒಣಸೀಮೆಗಳಲ್ಲಿ ಮೂಗಿನ ಅಲರ್ಜಿಗೂ ಉಬ್ಬಸಕ್ಕೂ ಒಂದು ಮುಖ್ಯ ಕಾರಣವೆಂದು ತಜ್ಞರು ಗುರುತಿಸಿದ್ದಾರೆ. ಎರಡನೆಯ ಅತಿಥಿ ಪಾರ್ಥೇನಿಯಂ, ಜನರ ಬಾಯಲ್ಲಿ ಕಾಂಗ್ರೆಸ್ ಗಿಡ. 1955ರ ಸುಮಾರಿಗೆ ಪುಣೆಯಲ್ಲಿ ಕಂಡ ಈ ಕಳೆಯು ಇಂದು ಬೆಂಗಳೂರಿನ ಖಾಲಿ ನಿವೇಶನಗಳನ್ನೂ ಬಿಟ್ಟಿಲ್ಲ; ಆದುದರಿಂದ ಪಟ್ಟಣವಾಸಿಗಳಾದ ಶ್ರೋತೃಗಳು ಇದು ದೂರದ ಮಾತೆಂದು ಭಾವಿಸಬಾರದು. ಇದರ ಪರಾಗದಿಂದ ಬರುವ ನೆಗಡಿಯನ್ನು ಕುರಿತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ ಸಂಶೋಧನೆ ನಡೆಯಿತು.

ಇಲ್ಲಿ ಒಂದು ತಪ್ಪು ಆಪಾದನೆಯನ್ನೂ ನಿವಾರಿಸಬೇಕು. ಹಡಗಲಿಯೆಂದರೆ ಮಲ್ಲಿಗೆ, ಸೀನುವವರು ಮೊದಲು ದೂರುವುದೂ ಮುಡಿದ ಮಲ್ಲಿಗೆಯನ್ನೇ. ಕೀಟಗಳನ್ನು ಕರೆಯುವ ಘಮಘಮಿಸುವ ಹೂಗಳ ಪರಾಗವು ಸಾಮಾನ್ಯವಾಗಿ ಭಾರವಾಗಿಯೂ ಅಂಟಾಗಿಯೂ ಇದ್ದು ಗಾಳಿಯಲ್ಲಿ ದೂರ ಹಾರದು. ಗಾಢವಾದ ಪರಿಮಳವು ಕೆರಳಿದ ಮೂಗನ್ನು ಇನ್ನಷ್ಟು ಕೆರಳಿಸಬಹುದು, ನಿಜ. ಆದರೆ ರೋಗದ ಮೂಲವು ಬಹುಮಟ್ಟಿಗೆ ಕಣ್ಣಿಗೆ ಅಂದವಾಗಿ ಕಾಣದ ಹುಲ್ಲು, ಕಳೆ, ಧೂಳುಗಳಲ್ಲಿರುವುದು.

ಆದಕಾರಣ ಮೊದಲನೆಯ ಮದ್ದು ದೂರವಿರುವುದೇ. ಇದು ಹೊಸ ಬೋಧನೆಯಲ್ಲ. ಶ್ವಾಸರೋಗದ ಕಾರಣಗಳಲ್ಲಿ ಧೂಳನ್ನೂ ಹೊಗೆಯನ್ನೂ ಚರಕಸಂಹಿತೆಯೇ ಎಣಿಸಿದೆ. ಕಣದಲ್ಲಿ ನಿಲ್ಲುವವರು ಮೂಗು ಬಾಯಿಗಳನ್ನು ಮುಚ್ಚಿಕೊಳ್ಳಬೇಕು. ಮನೆಗೆ ಬಂದೊಡನೆ ಮುಖ ತೊಳೆದು ಬಟ್ಟೆ ಬದಲಿಸಬೇಕು. ನೆಲವನ್ನು ಒಣಪೊರಕೆಯಿಂದ ಗುಡಿಸುವ ಬದಲು ಒದ್ದೆಬಟ್ಟೆಯಿಂದ ಒರಸಬೇಕು. ಪಾರ್ಥೇನಿಯಂ ಗಿಡವನ್ನು ಹೂಬಿಡುವ ಮೊದಲೇ ಕೈಗವಸು ಹಾಕಿಕೊಂಡು ಕೀಳಬೇಕು. ಅದರಲ್ಲಿರುವ ಪಾರ್ಥೆನಿನ್ ಎಂಬ ದ್ರವ್ಯವು ಬರಿಗೈಗೆ ತಾಕಿ ಕೆಲವರ ಚರ್ಮದಲ್ಲಿ ದೀರ್ಘಕಾಲದ ಕಜ್ಜಿಯನ್ನು ಉಂಟುಮಾಡುವುದು.

ಎರಡನೆಯ ಮದ್ದು ಉಪ್ಪುನೀರು. ಯೋಗಾಭ್ಯಾಸಿಗಳು ಜಲನೇತಿಯೆಂದು ಮಾಡುವ ಮೂಗಿನ ತೊಳೆತಕ್ಕೆ ಆಧುನಿಕ ವೈದ್ಯರ ಸಮ್ಮತಿಯೂ ಉಂಟು. ಅಂಟಿಕೊಂಡ ಪರಾಗವೂ ಸಿಂಬಳವೂ ಕೊಚ್ಚಿಹೋಗಿ ಒಳಪೊರೆಗೆ ನೆಮ್ಮದಿ ದೊರೆಯುವುದು. ಪ್ರಮಾಣವು ಒಂದು ಲೀಟರು ನೀರಿಗೆ 9 ಗ್ರಾಂ ಉಪ್ಪು. ಎಂದರೆ ಕಾಲು ಲೀಟರಿಗೆ ಚಹಾ ಚಮಚದಲ್ಲಿ ಅರ್ಧಕ್ಕಿಂತ ತುಸು ಕಡಿಮೆ. ನೀರನ್ನು ಚೆನ್ನಾಗಿ ಕುದಿಸಿ ಉಗುರುಬೆಚ್ಚಗೆ ಆರಿಸಿಕೊಳ್ಳುವುದು ಕಡ್ಡಾಯ. ಕೆರೆ, ಬಾವಿ, ನಲ್ಲಿಗಳ ಹಸಿನೀರನ್ನು ಮೂಗಿಗೆ ಬಿಟ್ಟುಕೊಂಡು, ಅದರಲ್ಲಿದ್ದ ಸೂಕ್ಷ್ಮಜೀವಿಯು ಮೆದುಳಿಗೆ ಏರಿ ಪ್ರಾಣಕ್ಕೆ ಎರವಾದ ನಿದರ್ಶನಗಳುಂಟು.

ಮೂರನೆಯದು ಅರಿಶಿನ. ಪಿತ್ತದ ಗಂಧೆಗೆ ಆಯುರ್ವೇದವು ವಿಧಿಸುವ ಹರಿದ್ರಾಖಂಡದಲ್ಲಿ ಇದೇ ಪ್ರಧಾನ. ಇದರ ಹಳದಿಗೆ ಕಾರಣವಾದ ಕರ್ಕ್ಯುಮಿನ್ ಎಂಬ ಸತ್ವವು ಉರಿಯೂತವನ್ನು ತಗ್ಗಿಸುವುದೆಂದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಆದರೆ ನುಂಗಿದುದರಲ್ಲಿ ರಕ್ತಕ್ಕೆ ಸೇರುವುದು ಬಹಳ ಸ್ವಲ್ಪ. ಕರ್ಕ್ಯುಮಿನ್ ಜೊತೆಗೆ ಮೆಣಸಿನ ಸತ್ವವನ್ನು ಕೊಟ್ಟರೆ ರಕ್ತಕ್ಕೆ ಸೇರುವ ಪ್ರಮಾಣವು ಸುಮಾರು 20 ಪಟ್ಟು ಏರುವುದೆಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದರು. ಅರಿಶಿನದ ಹಾಲಿಗೆ ಚಿಟಿಕೆ ಮೆಣಸಿನ ಪುಡಿ ಬೆರೆಸುತ್ತಿದ್ದ ನಮ್ಮ ಅಜ್ಜಿಯರ ಪದ್ಧತಿಯು ಹೀಗೆ ಅರ್ಥವತ್ತಾಗಿ ಕಾಣುವುದು. ಇದರಿಂದ ಹಿತವಾದೀತು, ರೋಗ ನಿರ್ಮೂಲವಾಗದು. ಅಂಗಡಿಯ ತೀಕ್ಷ್ಣವಾದ ಕರ್ಕ್ಯುಮಿನ್ ಗುಳಿಗೆಗಳನ್ನು ಯಥೇಚ್ಛವಾಗಿ ನುಂಗುವುದು ಸಲ್ಲದು. ಅವುಗಳಿಂದ ಯಕೃತ್ತು ಕೆಟ್ಟವರೂ ಇದ್ದಾರೆ. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಭಂಡಾರ ತೂರುವುದನ್ನು ಕಂಡವರಿಗೆ ಇನ್ನೊಂದು ಮಾತು ಹೊಳೆದೀತು: ಹಾಲಿನಲ್ಲಿ ಹಿತವಾದ ಅರಿಶಿನವೇ ಗಾಳಿಯಲ್ಲಿ ಪುಡಿಯಾಗಿ ಹಾರಿದರೆ ಸೂಕ್ಷ್ಮವಾದ ಮೂಗಿಗೆ ಬರಿಯ ಧೂಳು.

ಹಿತ್ತಿಲಿನ ಆಡುಸೋಗೆಯು ಕಫವನ್ನು ಸಡಿಲಿಸುವುದು. ಅದರ ಸತ್ವವಾದ ವಾಸಿಸಿನ್ನಿನ ಮಾದರಿಯಿಂದಲೇ ಕೆಮ್ಮಿನ ಔಷಧವಾದ ಬ್ರೋಮ್‌ಹೆಕ್ಸಿನ್ ಹುಟ್ಟಿತು. ಆದರೆ ಇದು ಗರ್ಭಕೋಶವನ್ನು ಸಂಕುಚಿಸಬಲ್ಲುದಾದ್ದರಿಂದ ಗರ್ಭಿಣಿಯರಿಗೆ ವರ್ಜ್ಯ. ಅಮೃತಬಳ್ಳಿಯು ಅಲರ್ಜಿಗೆ ಹೆಸರಾದುದೇ. ಆದರೂ 2021ರಲ್ಲಿ ಮುಂಬಯಿಯ ವೈದ್ಯರು ಕೆಲವರ ಯಕೃತ್ತಿನ ಬೇನೆಗೂ ಇದರ ಸೇವನೆಗೂ ಸಂಬಂಧವಿದೆಯೆಂದು ವರದಿಮಾಡಿದರು, ಆಯುಷ್ ಸಚಿವಾಲಯವು ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ತಿಂಗಳುಗಟ್ಟಲೆ ಕಷಾಯ ಕುಡಿಯುವವರು ವೈದ್ಯರಿಗೆ ತಿಳಿಸಿ ಕುಡಿಯುವುದು ವಿವೇಕ.

ಇನ್ನು ಮನೆಮದ್ದಿನ ಎಲ್ಲೆ. ಮೂಗಿನ ಅಲರ್ಜಿಯುಳ್ಳ ಅನೇಕರಿಗೆ ಅದೇ ಉರಿಯೂತವು ಶ್ವಾಸನಾಳಕ್ಕೂ ಇಳಿದು ಉಬ್ಬಸವಾಗುವುದುಂಟು; ಉತ್ತರದ ಜನ ಇದನ್ನೇ ದಮ್ಮು ಎನ್ನುವರು. ಎದೆಯಲ್ಲಿ ಸುಂಯ್ಗುಟ್ಟುವ ಸದ್ದು, ರಾತ್ರಿ ಎಬ್ಬಿಸುವ ಕೆಮ್ಮು, ಮಾತು ಮುಗಿಸಲಾಗದ ಏದುಸಿರು, ತುಟಿ ನಾಲಗೆಗಳ ಊತ ಇವು ಕಂಡಾಗ ಕಷಾಯ ಕಾಸುತ್ತ ಕೂಡುವುದು ಅಪಾಯ. ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಔಷಧವನ್ನು ಉಸಿರಿನೊಡನೆ ಎಳೆದುಕೊಳ್ಳುವ ಇನ್ಹೇಲರನ್ನು ಕಂಡು ‘ಒಮ್ಮೆ ಹಿಡಿದರೆ ಚಟವಾಗುತ್ತದೆ’ ಎಂದು ಅಂಜುವವರು ನಮ್ಮಲ್ಲಿ ಬಹಳ ಜನ. ಅದು ನಿಜವಲ್ಲ. ಅದರೊಳಗಿನ ಸ್ಟೀರಾಯ್ಡ್ ಮೈಕ್ರೋಗ್ರಾಂ ಲೆಕ್ಕದಲ್ಲಿ ನೇರವಾಗಿ ಬೇನೆಯ ಸ್ಥಳಕ್ಕೆ ಮುಟ್ಟುವುದು. ಇದಕ್ಕೆ ಅಂಜಿ, ಹೆಸರಿಲ್ಲದ ಪೊಟ್ಟಣದ ‘ಗಿಡಮೂಲಿಕೆಯ ಪುಡಿ’ಗೆ ಶರಣಾದವರ ಗತಿಯೇನು? ಅಂಥ ಪುಡಿಗಳಲ್ಲಿ ಅದೇ ಸ್ಟೀರಾಯ್ಡನ್ನು ಅಳತೆಯಿಲ್ಲದೆ ಕಲಬೆರಕೆ ಮಾಡಿರುವುದು ಪರೀಕ್ಷೆಗಳಲ್ಲಿ ಹಲವು ಬಾರಿ ಸಿಕ್ಕಿಬಿದ್ದಿದೆ. ಒಂದೇ ದಿನದಲ್ಲಿ ದಮ್ಮು ಇಳಿಸುವ ಪುಡಿಯನ್ನು ಸಂಶಯದಿಂದಲೇ ನೋಡತಕ್ಕದ್ದು.

ಒಟ್ಟಿನಲ್ಲಿ ಹೇಳುವುದಾದರೆ, ಧೂಳಿನಿಂದ ದೂರವಿರುವುದು ಮೊದಲು, ಕುದಿಸಿ ಆರಿಸಿದ ಉಪ್ಪುನೀರಿನ ತೊಳೆತ ಆಮೇಲೆ, ಅರಿಶಿನದ ಹಾಲು ಅದರ ನಂತರ. ಉಸಿರಿಗೆ ಸಂಚಕಾರ ಬಂದಲ್ಲಿ ಇವೆಲ್ಲವನ್ನೂ ಬದಿಗಿಟ್ಟು ವೈದ್ಯನೇ ಗತಿ. ಹಿರಿಯರು ಕೊಟ್ಟ ಮದ್ದನ್ನು ಅದರ ಮಿತಿಯನ್ನರಿತು ಬಳಸುವುದೇ ಆ ಮದ್ದಿಗೆ ಸಲ್ಲಿಸತಕ್ಕ ಗೌರವ.