ಬೆಳಗಾವಿಯಿಂದ ಆಂಟ್ವರ್ಪಿಗೆ

ಮೂಡಲಗಿಯ ಸುತ್ತಿನ ಹಳ್ಳಿಗಳಲ್ಲಿ ಜಾತ್ರೆಯೆಂದರೆ ತೇರು, ಬೆಂಡು, ಬತ್ತಾಸುಗಳಷ್ಟೇ ಅಲ್ಲ. ಕುಸ್ತಿಯ ಕಣವೂ ಉಂಟು, ಕಲ್ಲುಗುಂಡನ್ನೆತ್ತುವ ಪಂತವೂ ಉಂಟು, ಓಟದ ಸ್ಪರ್ಧೆಯೂ ಉಂಟು. ಗೆದ್ದ ಹುಡುಗನಿಗೆ ರುಮಾಲು ಸುತ್ತಿ, ಹೆಗಲ ಮೇಲೆ ಹೊತ್ತು ಮೆರೆಸುವ ಊರವರ ಸಡಗರ ನೋಡತಕ್ಕದ್ದು. ಮರುದಿನ ಬೆಳಗಾದರೆ ಆ ಹುಡುಗ ಮತ್ತೆ ಹೊಲದಲ್ಲಿರುತ್ತಾನೆ. ಅವನ ಕೀರ್ತಿ ಅಲ್ಲಿಗೆ ಮುಗಿಯುತ್ತದೆ.

ಆದರೆ ಒಮ್ಮೆ ಹಾಗೆ ಮುಗಿಯಲಿಲ್ಲ. ಇದೇ ಬೆಳಗಾವಿ ಜಿಲ್ಲೆಯ ಒಬ್ಬ ಯುವಕ ೧೯೨೦ರಲ್ಲಿ ಸಮುದ್ರವನ್ನು ದಾಟಿ ಹೋಗಿ, ಜಗತ್ತಿನ ಅತಿ ಶ್ರೇಷ್ಠ ಓಟಗಾರರ ಸಾಲಿನಲ್ಲಿ ನಿಂತು, ಮ್ಯಾರಥಾನ್ ಎಂಬ ದೂರದ ಓಟವನ್ನು ಓಡಿ ಮುಗಿಸಿದ. ಅವನ ಹೆಸರು ಫಡೆಪ್ಪ ದರೆಪ್ಪ ಚೌಗುಲೆ. ಚೌಗುಲೆ ಎಂಬುದು ಹಿಂದಿನ ಕಾಲದಲ್ಲಿ ಹಳ್ಳಿಯ ಪಾಟೀಲನಿಗೆ ನೆರವಾಗುತ್ತಿದ್ದ ಅಧಿಕಾರಿಯ ಹೆಸರು. ಊರಿನ ಗೌಡಕಿಯ ನೆನಪನ್ನು ಅಡ್ಡಹೆಸರಿನಲ್ಲಿ ಹೊತ್ತಿದ್ದ ಈ ಬೆಳಗಾವಿಯ ತರುಣ ಭಾರತದ ಪಾಲಿಗೆ ಒಲಿಂಪಿಕ್ ಕ್ರೀಡೆಗಳ ಬಾಗಿಲು ತೆರೆದವರಲ್ಲಿ ಒಬ್ಬನಾದ.

ಇಂದಿನ ಕ್ರೀಡಾಪಟುಗಳ ಬಾಳಿನೊಡನೆ ಹೋಲಿಸಿದಾಗ ಈ ಸಾಹಸದ ಬೆಲೆ ತಿಳಿಯುತ್ತದೆ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟ ನಮ್ಮ ಕಾಲ್ಚೆಂಡಾಟವಲ್ಲ. ಚೆಂಡನ್ನು ಎದೆಗವಚಿಕೊಂಡು ನುಗ್ಗುವವನನ್ನು ಎದುರಾಳಿಗಳು ಹಿಡಿದು ಕೆಡಹುವ ಆಟ. ಅದರಲ್ಲಿ ರಕ್ಷಣೆಯ ಮೊದಲ ಸಾಲಿನ ಹಿಂದೆ ನಿಂತು ದಾಳಿಯನ್ನು ತಡೆಯುವವನಿಗೆ ಲೈನ್‌ಬ್ಯಾಕರ್ ಎಂದು ಹೆಸರು. ಭಾರತೀಯ ತಂದೆಯ ಮಗನಾದ ಬ್ರ್ಯಾಂಡನ್ ಚಿಲ್ಲರ್ ಇಂಥ ಆಟಗಾರರಲ್ಲಿ ಒಬ್ಬರು. ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದ ತಂಡದಲ್ಲಿ ಪಳಗಿದ ಅವರನ್ನು ೨೦೦೪ರಲ್ಲಿ ಸೇಂಟ್ ಲೂಯಿಯ ವೃತ್ತಿಪರ ತಂಡವು ಆರಿಸಿಕೊಂಡಿತು. ಆ ದೇಶದ ಆಟಗಾರನು ವೃತ್ತಿಗೆ ಕಾಲಿಡುವ ಮೊದಲೇ ಅವನ ಎತ್ತರ, ತೂಕ, ವೇಗಗಳನ್ನೆಲ್ಲ ಅಳೆದಿರುತ್ತಾರೆ. ಅವನ ಹಿಂದೆ ಶಿಕ್ಷಕರಿರುತ್ತಾರೆ, ವೈದ್ಯರಿರುತ್ತಾರೆ. ಚೌಗುಲೆಯವರು ಓಟಕ್ಕಿಳಿದ ಕಾಲದಲ್ಲಿ ನಮ್ಮ ನಾಡಿನ ಓಟಗಾರನಿಗೆ ಇದ್ದ ಆಸ್ತಿ ಎರಡೇ: ಗಟ್ಟಿ ಕಾಲು ಮತ್ತು ಗಟ್ಟಿ ಉಸಿರು.

ಪುಣೆಯ ಮೈದಾನದಲ್ಲಿ

ಆಗ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಈ ಭಾಗದ ಪೈಲವಾನರಿಗೂ ಓಟಗಾರರಿಗೂ ಪುಣೆಯೇ ದೊಡ್ಡ ಕಣ. ಅಲ್ಲಿ ೧೯೦೬ರಲ್ಲಿ ಹುಟ್ಟಿದ್ದ ಡೆಕ್ಕನ್ ಜಿಮಖಾನಾ ಎಂಬ ಸಂಸ್ಥೆ ದೇಶೀಯ ಆಟಗಳ ಜೊತೆಗೆ ಪಾಶ್ಚಾತ್ಯ ಮಾದರಿಯ ಪಂದ್ಯಗಳನ್ನೂ ನಡೆಸುತ್ತಿತ್ತು. ೧೯೧೯ರಲ್ಲಿ ಈ ಸಂಸ್ಥೆಗೆ ಅಧ್ಯಕ್ಷರಾದವರು ಸರ್ ದೊರಾಬ್ಜಿ ಟಾಟಾ. ಜಮಶೇಟ್‌ಜಿ ಟಾಟಾ ಅವರ ಹಿರಿಯ ಮಗನಾದ ಇವರು ಕೇಂಬ್ರಿಜ್‌ನಲ್ಲಿ ಓದುತ್ತಿದ್ದಾಗಲೇ ಆಟಗಳ ರುಚಿ ಹತ್ತಿಸಿಕೊಂಡವರು.

ಜಿಮಖಾನೆಯ ಪಂದ್ಯಗಳನ್ನು ನೋಡಿದ ಟಾಟಾ ಅವರಿಗೆ ಬೆರಗಾಯಿತು. ಓಡಲು ಬಂದವರು ಹೊಲದಲ್ಲಿ ದುಡಿದು, ಬಡವರ ಊಟ ಉಂಡು ಬೆಳೆದ ರೈತಾಪಿ ಹುಡುಗರು. ಕಾಲಿಗೆ ಪಾದರಕ್ಷೆಯಿಲ್ಲ. ಯುರೋಪಿನ ನಿಯಮಗಳು ತಿಳಿಯವು. ಶಿಕ್ಷಣವೆಂಬುದರ ಸುಳಿವೂ ಇಲ್ಲ. ಆದರೂ ಗಡಿಯಾರ ಹಿಡಿದು ನೋಡಿದರೆ ಅವರಲ್ಲಿ ಕೆಲವರು ಓಡಿದ ಕಾಲ ಯುರೋಪಿನವರ ಕಾಲಕ್ಕೆ ಹತ್ತಿರ ಹತ್ತಿರ ಬರುತ್ತಿತ್ತು! ಅಂದು ಮುಂಬಯಿಯ ಗವರ್ನರ್ ಜಾರ್ಜ್ ಲಾಯ್ಡ್ ಅವರೂ ಸಭೆಯಲ್ಲಿದ್ದರು. ಮರುವರ್ಷ ಬೆಲ್ಜಿಯಂ ದೇಶದ ಆಂಟ್ವರ್ಪ್ ನಗರದಲ್ಲಿ ನಡೆಯಲಿದ್ದ ಒಲಿಂಪಿಕ್ ಕ್ರೀಡೆಗಳಿಗೆ ಭಾರತವೂ ಒಂದು ತಂಡವನ್ನು ಏಕೆ ಕಳಿಸಬಾರದು ಎಂದು ಟಾಟಾ ಅವರ ಮುಂದೆ ಮಾತು ತೆಗೆದರು. ಗವರ್ನರ್ ಒಪ್ಪಿದರು.

ಆಗಿನ ನಮ್ಮ ಅರಿವು ಎಷ್ಟರಮಟ್ಟಿನದೆಂಬುದಕ್ಕೆ ಒಂದು ಪ್ರಸಂಗವನ್ನು ಹೇಳುವುದುಂಟು. ೧೦೦ ಮೀಟರ್ ಓಟಕ್ಕೆ ಎಷ್ಟು ಕಾಲ ಬೇಕು ಎಂಬ ಪ್ರಶ್ನೆ ಸಭೆಯಲ್ಲಿ ಬಂದಾಗ ಸಮಿತಿಯ ಸದಸ್ಯರೊಬ್ಬರು, ಒಂದೆರಡು ನಿಮಿಷವಾದರೂ ಬೇಕಾದೀತು ಎಂದರಂತೆ. ಅಲ್ಲಿ ಲೆಕ್ಕ ನಿಮಿಷದ್ದಲ್ಲ, ಸೆಕೆಂಡಿನದು, ಸೆಕೆಂಡಿನ ಹತ್ತನೆಯ ಒಂದು ಪಾಲಿನದು ಎಂದು ಕೇಳಿ ಅವರು ದಂಗಾದರಂತೆ! ನಡೆಸುವವರ ಸ್ಥಿತಿಯೇ ಹೀಗಿದ್ದ ಮೇಲೆ ಓಡುವವರನ್ನು ಕೇಳುವುದೇನು?

ಪುಣೆಯಲ್ಲಿ ನಡೆದ ಆಯ್ಕೆಯಲ್ಲಿ ಆರು ಮಂದಿ ಉಳಿದರು. ಬಂಗಾಳದ ಪೂರ್ಮ ಬ್ಯಾನರ್ಜಿ ವೇಗದ ಓಟಕ್ಕೆ. ಬೆಳಗಾವಿಯ ಚೌಗುಲೆ, ಹುಬ್ಬಳ್ಳಿಯ ಕೈಕಾಡಿ, ಸಾತಾರೆಯ ಸದಾಶಿವ ದಾತಾರ್ ದೂರದ ಓಟಕ್ಕೆ. ಕುಮಾರ ನವಲೆ ಮತ್ತು ರಣಧೀರ ಶಿಂದೆ ಕುಸ್ತಿಗೆ. ಮೂವತ್ತು ಕೋಟಿ ಜನರ ದೇಶದಿಂದ ಹೊರಟ ಆರು ಜನರಲ್ಲಿ ಇಬ್ಬರು ನಮ್ಮ ಕನ್ನಡ ಸೀಮೆಯವರೆಂಬುದನ್ನು ಓದುಗರು ಗಮನಿಸಬೇಕು.

ವೆಚ್ಚಕ್ಕೆ ಟಾಟಾ ಅವರು ತಮ್ಮ ಸ್ವಂತ ಹಣವನ್ನೂ ಕೊಟ್ಟರು. ೧೯೨೦ರ ಜೂನ್ ತಿಂಗಳಲ್ಲಿ ತಂಡವು ಮುಂಬಯಿಯಲ್ಲಿ ಹಡಗು ಹತ್ತಿತು. ಮೊದಲು ಲಂಡನ್ನಿನಲ್ಲಿ ಕೆಲವು ವಾರಗಳ ತರಬೇತಿ. ಆ ಬಳಿಕ ಆಂಟ್ವರ್ಪ್. ಅಚ್ಚುಕಟ್ಟಾದ ಓಟದ ಹಾದಿ, ಮುಂದೆ ನಿಂತು ತಿದ್ದುವ ಗುರು, ಇವೆಲ್ಲ ನಮ್ಮ ಹುಡುಗರಿಗೆ ದೊರೆತದ್ದು ಅಷ್ಟೇ ಕಾಲ. ಬೇರೆಯವರು ವರ್ಷಗಟ್ಟಲೆ ಕಲಿತ ಪಾಠವನ್ನು ಇವರು ವಾರಗಳಲ್ಲಿ ಕಲಿಯಬೇಕಾಗಿತ್ತು.

ಆಗಸ್ಟ್ ೨೨

ಮಹಾಯುದ್ಧವು ಮುಗಿದು ಎರಡು ವರ್ಷವೂ ತುಂಬಿರಲಿಲ್ಲ. ಬೆಲ್ಜಿಯಂ ದೇಶದ ಗಾಯಗಳು ಇನ್ನೂ ಹಸಿಯಾಗಿದ್ದವು. ಐದು ಉಂಗುರಗಳ ಒಲಿಂಪಿಕ್ ಧ್ವಜವು ಕ್ರೀಡಾಕೂಟದ ಮೇಲೆ ಮೊದಲ ಬಾರಿಗೆ ಹಾರಿದ್ದೂ, ಸ್ಪರ್ಧಾಳುಗಳು ಮೊದಲ ಬಾರಿಗೆ ಪ್ರಮಾಣವಚನ ತೆಗೆದುಕೊಂಡದ್ದೂ ಅಲ್ಲಿಯೇ. ೨೯ ದೇಶಗಳ ಕ್ರೀಡಾಪಟುಗಳು ಅಲ್ಲಿ ನೆರೆದಿದ್ದರು.

ಭಾರತದ ಪಾಲಿಗೆ ಆರಂಭವು ಆಶಾದಾಯಕವಾಗಿರಲಿಲ್ಲ. ಪೂರ್ಮ ಬ್ಯಾನರ್ಜಿ ಮೊದಲ ಸುತ್ತಿನಲ್ಲೇ ಹಿಂದೆ ಬಿದ್ದರು. ಉಳಿದ ದೊಡ್ಡ ಆಸೆ ಮ್ಯಾರಥಾನ್ ಒಂದೇ.

ಆ ವರ್ಷದ ಮ್ಯಾರಥಾನಿನ ದೂರ ೪೨ ಕಿಲೋಮೀಟರ್ ೭೫೦ ಮೀಟರ್. ಇಂದು ಜಗತ್ತೆಲ್ಲ ಒಪ್ಪಿರುವ ಅಳತೆಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ನಮ್ಮ ಸೀಮೆಯ ಲೆಕ್ಕದಲ್ಲಿ ಹೇಳುವುದಾದರೆ, ಮೂಡಲಗಿಯಿಂದ ಹೊರಟವನು ಗೋಕಾಕವನ್ನು ಮುಟ್ಟಿ, ಅಲ್ಲಿಂದ ಅರ್ಧ ದಾರಿ ಮರಳಿ ಬಂದಷ್ಟು. ಅದನ್ನು ನಡೆಯುವುದಲ್ಲ, ಎಲ್ಲಿಯೂ ನಿಲ್ಲದೆ ಓಡುವುದು!

ಆಗಸ್ಟ್ ೨೨ರಂದು ಜಿನುಗು ಮಳೆ, ಚಳಿಗಾಳಿಗಳ ನಡುವೆ ೪೮ ಮಂದಿ ಓಟ ಆರಂಭಿಸಿದರು. ಬಿಸಿಲಿನಲ್ಲಿ ಬೆಳೆದ ಮೈಗೆ ಆ ಹವೆಯೇ ಒಂದು ಎದುರಾಳಿ. ಮುಂದಿನ ಸಾಲಿನಲ್ಲಿ ದಕ್ಷಿಣ ಆಫ್ರಿಕದ ಗಿಟ್‌ಶಮ್; ಅವರ ಬೆನ್ನಿಗೆ ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್. ಕಸುಬಿನಿಂದ ಗಾರೆ ಕೆಲಸದವರಾದ ಈ ಕೊಲೆಹ್ಮೈನೆನ್ ೧೯೧೨ರಲ್ಲಿಯೇ ಸ್ಟಾಕ್‌ಹೋಮಿನಲ್ಲಿ ಮೂರು ಚಿನ್ನದ ಪದಕಗಳನ್ನು ಗೆದ್ದಿದ್ದ ಧೀರ. ದಾರಿಯಲ್ಲಿ ಗಿಟ್‌ಶಮ್ ಅವರ ಪಾದರಕ್ಷೆ ಹರಿಯಿತು. ಅವರು ಹಿಂದುಳಿದು ಕೊನೆಗೆ ಓಟವನ್ನೇ ಬಿಟ್ಟರು. ನಮ್ಮ ದಾತಾರರೂ ದಾರಿಯಲ್ಲೇ ನಿಂತರು. ಒಬ್ಬೊಬ್ಬರಾಗಿ ೧೩ ಮಂದಿ ಸೋತು ಸರಿದರು.

ಕೊಲೆಹ್ಮೈನೆನ್ ೨ ಗಂಟೆ ೩೨ ನಿಮಿಷ ೩೫.೮ ಸೆಕೆಂಡಿನಲ್ಲಿ ಗೆದ್ದರು. ಎಸ್ಟೋನಿಯದ ಲೋಸ್‌ಮನ್ ಕೇವಲ ೧೩ ಸೆಕೆಂಡುಗಳಷ್ಟು ಹಿಂದೆ. ಮೂರನೆಯವರಾದ ಇಟಲಿಯ ಆರ್ರಿ, ಇಷ್ಟು ದೂರ ಓಡಿ ಬಂದೂ, ಸಂತೋಷ ತಾಳಲಾರದೆ ಮೈದಾನದಲ್ಲಿ ಲಾಗ ಹಾಕಿದರು!

ಓಟಗಾರರು ಒಬ್ಬರ ಹಿಂದೊಬ್ಬರು ಬರತೊಡಗಿದರು. ಹತ್ತು, ಹದಿನೈದು, ಹದಿನೆಂಟು... ಹತ್ತೊಂಬತ್ತನೆಯವರಾಗಿ ಬಂದವರು ಬೆಳಗಾವಿಯ ಚೌಗುಲೆ. ಅವರು ತೆಗೆದುಕೊಂಡ ಕಾಲ ೨ ಗಂಟೆ ೫೦ ನಿಮಿಷ ೪೫.೪ ಸೆಕೆಂಡು. ಅಂದರೆ ಒಂದೊಂದು ಕಿಲೋಮೀಟರಿಗೆ ಸರಾಸರಿ ನಾಲ್ಕೇ ನಿಮಿಷ. ಅವರ ಹಿಂದೆ ಓಟ ಮುಗಿಸಿದವರು ಇನ್ನೂ ೧೬ ಮಂದಿ ಇದ್ದರು. ತಲೆಮಾರುಗಳಿಂದ ಈ ವಿದ್ಯೆಯನ್ನು ಸಾಧಿಸಿದ ದೇಶಗಳವರೂ ಆ ಓಟದಲ್ಲಿದ್ದರು.

ಹತ್ತೊಂಬತ್ತರ ಬೆಲೆ

ಪದಕ ಬರಲಿಲ್ಲ, ನಿಜ. ಗೆದ್ದವರಿಗೂ ಚೌಗುಲೆಯವರಿಗೂ ನಡುವೆ ೧೮ ನಿಮಿಷಗಳ ಅಂತರವಿತ್ತು. ಪೈಲವಾನ ಶಿಂದೆಯವರಿಗೂ ನಾಲ್ಕನೆಯ ಸ್ಥಾನ ದೊರೆತು ಪದಕವು ಕೈಗೆ ಬಂದಂತಾಗಿ ತಪ್ಪಿತು. ಆದರೆ ಆ ತಂಡದ ಮೇಲಿದ್ದ ಹೊಣೆ ಪದಕಕ್ಕಿಂತ ದೊಡ್ಡದು. ಭಾರತದ ತರುಣನಿಗೆ ಜಗತ್ತಿನ ಕಣದಲ್ಲಿ ನಿಲ್ಲುವ ತಾಕತ್ತು ಉಂಟೇ, ಇಲ್ಲವೇ? ದಾರಿಯ ನಡುವೆ ಎಲ್ಲರೂ ಕುಸಿದು ಬಿದ್ದಿದ್ದರೆ ಮತ್ತೊಂದು ತಂಡಕ್ಕಾಗಿ ಕೈಯೆತ್ತಿ ಹಣ ಕೊಡುವವರು ಯಾರು? ಚೌಗುಲೆಯವರ ಕಾಲುಗಳು ಆ ಪ್ರಶ್ನೆಗೆ ಉತ್ತರ ಹೇಳಿದವು.

೧೯೨೪ರಲ್ಲಿ ದೆಹಲಿಯಲ್ಲಿ ಅಖಿಲ ಭಾರತ ಮಟ್ಟದ ಪಂದ್ಯಗಳು ನಡೆದು, ಅಲ್ಲಿ ಗೆದ್ದವರಲ್ಲಿ ಕೆಲವರು ಪ್ಯಾರಿಸ್ ಒಲಿಂಪಿಕ್ಸಿಗೆ ಹೋದರು. ೧೯೨೭ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿತು. ದೊರಾಬ್ಜಿ ಟಾಟಾ ಅವರೇ ಅದರ ಮೊದಲ ಅಧ್ಯಕ್ಷರಾದರು. ಪುಣೆಯ ಬರಿಗಾಲಿನ ಓಟದಿಂದ ಹೊರಟ ದಾರಿ ಅಲ್ಲಿಗೆ ಮುಟ್ಟಿತು.

ಇನ್ನು ಆ ಹತ್ತೊಂಬತ್ತನೆಯ ಸ್ಥಾನದ ಮಾತು. ಒಲಿಂಪಿಕ್ ಮ್ಯಾರಥಾನಿನಲ್ಲಿ ಅದಕ್ಕಿಂತ ಮೇಲಿನ ಸ್ಥಾನವನ್ನು ಮತ್ತೊಬ್ಬ ಭಾರತೀಯನು ಪಡೆಯಲು ೫೬ ವರ್ಷಗಳೇ ಬೇಕಾದವು. ೧೯೭೬ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಶಿವನಾಥ ಸಿಂಗರು ಹನ್ನೊಂದನೆಯವರಾಗಿ ಬಂದರು.

ಈ ಸೀಮೆಯ ಜಾತ್ರೆಗಳಲ್ಲಿ ಗೆದ್ದು ಮೆರೆಯುವ ಹುಡುಗರ ಮನೆಗಳಲ್ಲಿ ಚೌಗುಲೆಯವರ ಕಥೆಯನ್ನು ಒಮ್ಮೆಯಾದರೂ ಹೇಳಬೇಕು. ಹೊಲದ ಬದುವಿನ ಮೇಲೆ ಓಡಿ ಗಟ್ಟಿಯಾದ ಕಾಲಿಗೆ ಒಳ್ಳೆಯ ಗುರು, ಹೊಟ್ಟೆ ತುಂಬ ಊಟ, ಒಂದಿಷ್ಟು ಕಾಲಾವಕಾಶ, ಇವಿಷ್ಟು ದೊರೆತರೆ ಏನಾಗಬಹುದು ಎಂಬುದನ್ನು ಹಿರಿಯರು ಯೋಚಿಸಬೇಕು. ಕೆಲವೇ ವಾರಗಳ ತರಬೇತಿ ಪಡೆದು ಬೆಳಗಾವಿಯ ಯುವಕನೊಬ್ಬ ಹತ್ತೊಂಬತ್ತನೆಯವನಾಗಿ ಬಂದದ್ದು ನಮ್ಮ ಕಣ್ಣ ಮುಂದಿದೆ.