ಬೆಳಕಿನ ಬೆಲೆ

ಚನ್ನಗಿರಿ ತಾಲ್ಲೂಕಿನಲ್ಲಿ ಕತ್ತಲಗೆರೆ ಎಂಬ ಊರಿದೆ. ಹೆಸರು ಕೇಳಿದವರಿಗೆ ಕತ್ತಲೆಯ ನೆನಪಾಗಬಹುದು. ಆದರೆ ಇಂದು ಸಂಜೆಯಾಯಿತೆಂದರೆ ಅಲ್ಲಿಯೂ ವಿದ್ಯುದ್ದೀಪಗಳು ಬೆಳಗುತ್ತವೆ. ಭದ್ರಾ ನಾಲೆಯ ನೀರು ಏರದ ಜಮೀನುಗಳಿಗೂ, ಮಳೆ ಕಡಿಮೆಯಾದ ಜಗಳೂರಿನಂತಹ ಸೀಮೆಗೂ ಕೊಳವೆಬಾವಿಯ ಪಂಪೇ ಆಧಾರ. ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ನಮ್ಮ ರಾಜ್ಯದ ರೈತರು ವಿದ್ಯುತ್ತಿನ ಹಣವನ್ನು ಕೊಡಬೇಕಾಗಿಲ್ಲ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಿಂದ, ತಿಂಗಳಿಗೆ 200 ಯೂನಿಟ್ಟುಗಳ ಮಿತಿಗೆ ಒಳಪಟ್ಟು, ಮನೆಗಳಿಗೂ ಈ ಸೌಲಭ್ಯ ದೊರೆತಿದೆ. ಹಾಗಾದರೆ ಈ ಬೆಳಕಿಗೆ ಬೆಲೆಯೇ ಇಲ್ಲವೆ?

ಇದೆ. ಶರಾವತಿಯ ನೀರಿನಿಂದಾಗಲಿ, ರಾಯಚೂರಿನಲ್ಲಿ ಉರಿಯುವ ಕಲ್ಲಿದ್ದಲಿನಿಂದಾಗಲಿ ವಿದ್ಯುತ್ತನ್ನು ಪಡೆಯಲು ಹಣ ಬೇಕು. ಅದನ್ನು ಹಳ್ಳಿಗೆ ತರುವ ತಂತಿಗೆ, ಕಂಬಕ್ಕೆ, ಜನರು ಟಿ.ಸಿ. ಎಂದು ಕರೆಯುವ ಪರಿವರ್ತಕಕ್ಕೆ, ಮಳೆಯಲ್ಲಿಯೂ ಕಂಬವೇರುವ ಲೈನ್‌ಮನ್ನನ ಸಂಬಳಕ್ಕೆ ಹಣ ಬೇಕು. ಒಬ್ಬನಿಗೆ ಉಚಿತವಾದುದರ ಬೆಲೆಯನ್ನು ಬೇರೆ ಯಾರಾದರೂ ತೆರಲೇಬೇಕು. ಆದುದರಿಂದ ಎರಡು ಪ್ರಶ್ನೆಗಳು ಏಳುತ್ತವೆ. ಬೆಲೆಯನ್ನು ಗೊತ್ತುಮಾಡುವವರು ಯಾರು? ರಿಯಾಯಿತಿಯ ಹಣವನ್ನು ಕೊಡುವವರು ಯಾರು?

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದ ನಾಡು ನಮ್ಮದು. 1957ರಲ್ಲಿ ರಾಜ್ಯದ ವಿದ್ಯುಚ್ಛಕ್ತಿ ಮಂಡಳಿ ಸ್ಥಾಪನೆಯಾಯಿತು. ದೇಶದ ಇಂತಹ ಮಂಡಳಿಗಳ ಸದಸ್ಯರನ್ನು ಆಯಾ ರಾಜ್ಯ ಸರ್ಕಾರಗಳೇ ನೇಮಿಸುತ್ತಿದ್ದುವು. ಸರ್ಕಾರಗಳು ರಿಯಾಯಿತಿಯನ್ನು ಸಾರುತ್ತಿದ್ದುವು. ಭಾರ ಬಹುಮಟ್ಟಿಗೆ ಮಂಡಳಿಗಳ ಮೇಲೆ ಬೀಳುತ್ತಿತ್ತು. 1990ರ ದಶಕದ ವೇಳೆಗೆ ಹಲವು ಮಂಡಳಿಗಳು ನಷ್ಟದಲ್ಲಿ ಮುಳುಗಿದುವು.

ಈ ದೋಷವನ್ನು ನಿವಾರಿಸಲೆಂದು 1999ರಲ್ಲಿ ಕರ್ನಾಟಕದ ವಿದ್ಯುತ್ ಸುಧಾರಣಾ ಕಾಯಿದೆ ಜಾರಿಗೆ ಬಂದಿತು. ದರವನ್ನು ನಿರ್ಧರಿಸುವ ಕೆಲಸ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಸೇರಿತು. 2002ರಲ್ಲಿ ವಿತರಣೆಯ ಕಾರ್ಯವನ್ನು ಕಂಪನಿಗಳಿಗೆ ವಹಿಸಲಾಯಿತು. ದಾವಣಗೆರೆ ಜಿಲ್ಲೆಯು ಬೆಸ್ಕಾಂ ವ್ಯಾಪ್ತಿಗೆ ಬಂದಿತು. ಮರುವರ್ಷ ಇಡೀ ದೇಶಕ್ಕೆ ಅನ್ವಯವಾಗುವ 2003ರ ವಿದ್ಯುಚ್ಛಕ್ತಿ ಕಾಯಿದೆ ಬಂದಿತು.

ತಕ್ಕಡಿ ಹಿಡಿದವನು ಮಾರುವವನ ಕಡೆಯವನಾದರೆ ಕೊಳ್ಳುವವನಿಗೆ ತೂಕದಲ್ಲಿ ನಂಬಿಕೆ ಉಳಿಯದು. ನಮ್ಮಲ್ಲಿ ವಿತರಣಾ ಕಂಪನಿಗಳು ಸರ್ಕಾರದ ಒಡೆತನದಲ್ಲಿವೆ. ರಿಯಾಯಿತಿ ಕೊಡುವುದೂ ಸರ್ಕಾರವೇ. ಆದುದರಿಂದ ತಕ್ಕಡಿ ಹಿಡಿಯುವ ಆಯೋಗದ ಸದಸ್ಯರನ್ನು ಆರಿಸುವ ಬಗೆ ಮುಖ್ಯವಾಗುತ್ತದೆ. ಕಾಯಿದೆಯ ಪ್ರಕಾರ ಮೂವರ ಸಮಿತಿಯೊಂದು ಅವರನ್ನು ಆಯ್ದು ಸೂಚಿಸುತ್ತದೆ. ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿದ್ದವರು ಅದರ ಅಧ್ಯಕ್ಷರು. ರಾಜ್ಯದ ಮುಖ್ಯ ಕಾರ್ಯದರ್ಶಿಗಳೂ, ಕೇಂದ್ರದ ವಿದ್ಯುತ್ ಪ್ರಾಧಿಕಾರದ ಅಥವಾ ಕೇಂದ್ರ ಆಯೋಗದ ಅಧ್ಯಕ್ಷರೂ ಉಳಿದ ಇಬ್ಬರು. ಸಮಿತಿ ಒಂದು ಸ್ಥಾನಕ್ಕೆ ಎರಡು ಹೆಸರುಗಳನ್ನು ಸೂಚಿಸುತ್ತದೆ; ನೇಮಕ ಸರ್ಕಾರದ್ದು. ಅಧಿಕಾರಾವಧಿ ಐದು ವರ್ಷ. ಅದೇ ಆಯೋಗದ ಅದೇ ಸ್ಥಾನಕ್ಕೆ ಮರುನೇಮಕವಿಲ್ಲ. ಮುಂದಿನ ಆಸೆಯಿಲ್ಲದವನು ನಿರ್ಭಯವಾಗಿ ತೀರ್ಪು ಕೊಡಬಲ್ಲನು. ಆಯೋಗದಲ್ಲಿ ಕಾನೂನು ಬಲ್ಲ ಸದಸ್ಯರೊಬ್ಬರು ಇರಲೇಬೇಕೆಂದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು.

ರಿಯಾಯಿತಿಗೂ ಕಾಯಿದೆಯಲ್ಲಿ ಸ್ಪಷ್ಟವಾದ ನಿಯಮವಿದೆ. ಒಂದು ಯೂನಿಟ್ಟಿನ ಬೆಲೆ 8 ರೂಪಾಯಿ ಎಂದು ಆಯೋಗ ಗೊತ್ತುಮಾಡಿತೆಂದು ಭಾವಿಸೋಣ. ರೈತನಿಗೆ ಅದನ್ನು ಉಚಿತವಾಗಿ ಕೊಡಬೇಕೆಂದು ಸರ್ಕಾರ ಬಯಸಿದರೆ ಆ 8 ರೂಪಾಯಿಯನ್ನು ಮುಂಗಡವಾಗಿಯೇ ಪಾವತಿಮಾಡಬೇಕು. ಹಾಗೆ ಮಾಡದಿದ್ದರೆ ಸರ್ಕಾರದ ಆದೇಶಕ್ಕೆ ಬಲವಿಲ್ಲ. ಆಯೋಗದ ದರವೇ ಅನ್ವಯವಾಗುತ್ತದೆ. ದಾನಮಾಡುವವನು ತನ್ನ ಚೀಲದಿಂದ ಕೊಡಬೇಕು ಎಂಬುದೇ ಇದರ ತಿರುಳು.

ನಿಯಮ ಸ್ಪಷ್ಟ, ಆಚರಣೆ ಕಷ್ಟ. ಅನೇಕ ಪಂಪುಗಳಿಗೆ ಮೀಟರುಗಳಿಲ್ಲದೆ ಬಳಕೆಯನ್ನು ಅಂದಾಜಿನಿಂದ ಲೆಕ್ಕಹಾಕಬೇಕಾಗುತ್ತದೆ. ಹಲವು ರಾಜ್ಯಗಳಲ್ಲಿ ಸಹಾಯಧನ ತಡವಾಗಿ ಬಂದು ಕಂಪನಿಗಳು ಸಾಲ ಮಾಡುತ್ತವೆ. ಕೈಯಲ್ಲಿ ಹಣವಿಲ್ಲದ ಕಂಪನಿಯು ಸುಟ್ಟ ಪರಿವರ್ತಕವನ್ನು ಬೇಗನೆ ಬದಲಾಯಿಸಲಾರದು. ಒಣಗುವ ತೋಟ ಕಾಯುವುದಿಲ್ಲ. ಉಚಿತ ವಿದ್ಯುತ್ತು ಕಾಗದದಲ್ಲಿದ್ದು ತಂತಿಯಲ್ಲಿ ಇಲ್ಲದಿದ್ದರೆ ರೈತನಿಗೆ ಏನು ಲಾಭ?

ಇದಕ್ಕೆ ಪರಿಹಾರವೆಂದು 2020ರಲ್ಲಿ ಕೇಂದ್ರ ಸರ್ಕಾರವು ತಿದ್ದುಪಡಿಯ ಕರಡೊಂದನ್ನು ಪ್ರಕಟಿಸಿತು. ಎಲ್ಲ ಆಯೋಗಗಳ ಸದಸ್ಯರನ್ನು ಒಂದೇ ಸಮಿತಿ ಆರಿಸಬೇಕು, ಸಹಾಯಧನ ನೇರವಾಗಿ ಬಳಕೆದಾರನಿಗೇ ಸೇರಬೇಕು ಎಂಬುವು ಅದರ ಸಲಹೆಗಳು. ಇದರಿಂದ ನೇಮಕಗಳು ಶೀಘ್ರವಾಗುವುವು, ಲೆಕ್ಕ ಶುದ್ಧವಾಗುವುದು ಎಂದು ಬೆಂಬಲಿಗರು ವಾದಿಸಿದರು. ರಾಜ್ಯದ ಅಧಿಕಾರ ಕುಗ್ಗುವುದೆಂದೂ, ರೈತನು ಮೊದಲು ಹಣ ಕಟ್ಟಿ ಆಮೇಲೆ ಸಹಾಯಧನಕ್ಕಾಗಿ ಕಾಯಬೇಕಾಗುವುದೆಂದೂ ಇತರರು ಅಂಜಿದರು. ಗೇಣಿಗೆ ಉಳುವವನ ಪಂಪಿನ ಸಂಪರ್ಕ ಭೂಮಾಲೀಕನ ಹೆಸರಿನಲ್ಲಿದ್ದರೆ ಹಣ ಯಾರ ಕೈಸೇರೀತು ಎಂಬ ಪ್ರಶ್ನೆಯೂ ಸಣ್ಣದಲ್ಲ. ಆ ಕರಡು ಕಾಯಿದೆಯಾಗಲಿಲ್ಲ. ಆದರೆ ಸಹಾಯಧನದ ಬೇಡಿಕೆ ಮತ್ತು ಪಾವತಿಯ ಬಗ್ಗೆ ಮೂರು ತಿಂಗಳಿಗೊಮ್ಮೆ ವರದಿ ಹೊರಬರಬೇಕೆಂದು 2023ರ ನಿಯಮಗಳು ವಿಧಿಸಿದುವು.

ಬಡವನಿಗೆ ನೆರವಾಗುವುದು ಸಮಾಜದ ಕರ್ತವ್ಯ. ಆದರೆ ಆ ನೆರವಿನ ಲೆಕ್ಕ ಎಲ್ಲರಿಗೂ ಕಾಣುವಂತಿರಬೇಕು. ಲೆಕ್ಕ ನೋಡುವವರು ಯಾರ ಹಂಗಿಗೂ ಒಳಗಾಗದವರಾಗಿರಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಇನ್ನೊಂದು ನಿಲ್ಲದು. ದೀಪದ ಗುಂಡಿಯನ್ನು ಒತ್ತುವಾಗ ಈ ಬೆಳಕಿನ ಬೆಲೆಯನ್ನು ಯಾರು ತೆತ್ತರು ಎಂದು ಕೇಳಿಕೊಳ್ಳುವುದು ಒಳ್ಳೆಯ ಪ್ರಜೆಯ ಲಕ್ಷಣ.