ಮನೆ ತೋರಿಸುವ ದಲ್ಲಾಳಿ ಯಾರ ಕಡೆಯವನು?

ಮುಂಬಯಿಯಲ್ಲಿ ರೊಟ್ಟಿ ಸಿಕ್ಕೀತು, ಒರಗಲು ಜಗಲಿ ಸಿಗಲಾರದು ಎಂಬ ಅರ್ಥದ ಗಾದೆಯೊಂದು ಗುಜರಾತಿಗಳಲ್ಲಿದೆ. ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದ ನಮ್ಮವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೋಟೆಲಿನ ಮಾಣಿಯಾಗಿ ಬಂದವನು ರಾತ್ರಿ ಬಾಗಿಲು ಹಾಕಿದ ಮೇಲೆ ಮೇಜುಗಳನ್ನು ಒತ್ತಟ್ಟಿಗೆ ಸರಿಸಿ ಅಲ್ಲಿಯೇ ಚಾಪೆ ಹಾಸಿದನು. ಗುಮಾಸ್ತನಾಗಿ ಬಂದವನು ಚಾಳಿನ ಒಂದು ಖೋಲಿಯಲ್ಲಿ ಐದಾರು ಮಂದಿಯೊಡನೆ ಪಾಲುಗಾರನಾದನು. ಊರಿನಿಂದ ಸಂಸಾರವನ್ನು ಕರೆತರುವ ಕಾಲ ಬಂದಾಗ ಮಾತ್ರ ಇಬ್ಬರೂ ಒಂದೇ ಬಾಗಿಲನ್ನು ತಟ್ಟಬೇಕಾಯಿತು. ಅದು ಮನೆ ದಲ್ಲಾಳಿಯ ಬಾಗಿಲು. ಇಂದು ಆತನ ಅಂಗಡಿಯ ಮೇಲೆ 'ಎಸ್ಟೇಟ್ ಏಜೆಂಟ್' ಎಂಬ ಫಲಕವಿದೆ, ಕೈಯಲ್ಲಿ ಮೊಬೈಲಿದೆ; ಕಸಬು ಮಾತ್ರ ಹಿಂದಿನದೇ.

ಈ ಕಸಬನ್ನು ಹೀನವೆನ್ನುವುದು ನಮ್ಮ ಉದ್ದೇಶವಲ್ಲ. ಯಾವ ಕಟ್ಟಡದಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಯಾವ ಸೊಸೈಟಿಯವರು ಅವಿವಾಹಿತರನ್ನು ಸೇರಿಸುವುದಿಲ್ಲ, ಯಾವ ಮಾಲಿಕನು ಡಿಪಾಜಿಟ್ ಹಿಂತಿರುಗಿಸಲು ಸತಾಯಿಸುತ್ತಾನೆ ಎಂಬುದನ್ನೆಲ್ಲ ಬಲ್ಲವನು ಪರಸ್ಥಳದವನಿಗೆ ನಿಜವಾಗಿಯೂ ಉಪಕಾರಿ. ಹನ್ನೊಂದು ತಿಂಗಳ ಬಾಡಿಗೆಗೆ ಒಂದು ತಿಂಗಳ ಬಾಡಿಗೆಯನ್ನೂ, ಕ್ರಯವಾದರೆ ಶೇಕಡಾ ಒಂದೆರಡನ್ನೂ ಆತನು ದಲ್ಲಾಳಿಯಾಗಿ ಪಡೆಯುವುದು ಈ ನಗರದ ವಾಡಿಕೆ. ದುಡಿದವನಿಗೆ ಕೂಲಿ ಸಲ್ಲಲೇಬೇಕು. ಆದರೆ ಅನೇಕ ಸಂದರ್ಭಗಳಲ್ಲಿ ಆತನು ಆ ಕೂಲಿಯನ್ನು ಮನೆ ಕೊಡುವವನಿಂದಲೂ ಪಡೆಯುತ್ತಾನೆ, ಮನೆ ಹಿಡಿಯುವವನಿಂದಲೂ ಪಡೆಯುತ್ತಾನೆ. ಒಬ್ಬನಿಗೆ ಹೆಚ್ಚು ಬಾಡಿಗೆ ಬೇಕು, ಇನ್ನೊಬ್ಬನಿಗೆ ಕಡಿಮೆ ಬೇಕು. ಹಾಗಿರುವಾಗ ನಡುವಿನವನು ಯಾರ ಕಡೆಯವನು?

ಪ್ರಶ್ನೆ ಹೊಸದಲ್ಲ, ಉತ್ತರವೂ ಹಳೆಯದೇ. 1872ರ ಭಾರತೀಯ ಕರಾರು ಕಾಯಿದೆಯಲ್ಲಿ ಏಜೆಂಟನ ಕರ್ತವ್ಯಗಳನ್ನು ವಿವರಿಸುವ ಕಲಮುಗಳಿವೆ. ತನ್ನನ್ನು ನೇಮಿಸಿದವನಿಗೆ ತಿಳಿಸದೆ ಏಜೆಂಟನು ಸ್ವಂತ ಲಾಭಕ್ಕಾಗಿ ವ್ಯವಹಾರ ನಡೆಸಿದರೆ, ಆ ಲಾಭವನ್ನು ಕೇಳುವ ಹಕ್ಕು ನೇಮಿಸಿದವನಿಗೆ ಉಂಟೆಂದು 216ನೆಯ ಕಲಮು ಹೇಳುತ್ತದೆ. ಕೆಲಸದಲ್ಲಿ ದುರ್ನಡತೆ ತೋರಿದ ಏಜೆಂಟನಿಗೆ ಆ ಭಾಗದ ಪ್ರತಿಫಲವೇ ಇಲ್ಲವೆಂದು 220ನೆಯ ಕಲಮು ಹೇಳುತ್ತದೆ. ಅಂದರೆ ಎರಡು ಕಡೆಯಿಂದ ಪಡೆಯುವುದಕ್ಕಿಂತಲೂ, ಎರಡು ಕಡೆಯಿಂದ ಪಡೆಯುತ್ತಿರುವುದನ್ನು ಮುಚ್ಚಿಡುವುದೇ ಇಲ್ಲಿ ದೊಡ್ಡ ದೋಷ. ಈ ನೂರೈವತ್ತು ವರ್ಷಗಳ ಹಳೆಯ ಮಾತನ್ನು ತಮ್ಮ ದಲ್ಲಾಳಿಯ ಮುಂದೆ ಎತ್ತಿದವರು ನಮ್ಮಲ್ಲಿ ಎಷ್ಟು ಮಂದಿ?

ಮುಚ್ಚಿಡುವ ಈ ಅಭ್ಯಾಸಕ್ಕೆ ಮುಂಬಯಿಯಲ್ಲಿ ಒಂದು ಇತಿಹಾಸವೂ ಇದೆ. 1947ರ ಬಾಡಿಗೆ ನಿಯಂತ್ರಣ ಕಾಯಿದೆಯು ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ ಮೊದಲ ತಾರೀಕಿನ ಮಟ್ಟಕ್ಕೆ ಕಟ್ಟಿಹಾಕಿತು. ಬಡ ಬಾಡಿಗೆದಾರನನ್ನು ಉಳಿಸಿದ ಕಾಯಿದೆ ಅದು, ಸಂದೇಹವಿಲ್ಲ. ಆದರೆ ರಸೀತಿಯಲ್ಲಿ ಏರಲಾಗದ ಬೆಲೆಯು ರಸೀತಿಯ ಹೊರಗೆ ಏರಿತು. ಅದಕ್ಕೆ ಪಗಡಿಯೆಂದು ಹೆಸರಾಯಿತು. ಕಾನೂನು ಅದನ್ನು ಅಪರಾಧವೆಂದಿತು. ಖೋಲಿ ಬೇಕಾದವನು ತಲೆ ತಗ್ಗಿಸಿ ತೆತ್ತನು. ಲೆಕ್ಕವಿಲ್ಲದ ಆ ಹಣವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುವವನಾಗಿ ದಲ್ಲಾಳಿ ಬೆಳೆದನು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯು 2000ದ ಮಾರ್ಚ್ 31ರಿಂದ ಜಾರಿಗೆ ಬಂದು, ತನ್ನ 56ನೆಯ ಕಲಮಿನಲ್ಲಿ ಪಗಡಿಗೆ ಕಾನೂನಿನ ಮಾನ್ಯತೆಯನ್ನಿತ್ತಿತು. ಪಗಡಿ ಬೆಳಕಿಗೆ ಬಂದಿತು. ರಸೀತಿ ಕೊಡದೆ ಹಣ ಪಡೆಯುವ ರೂಢಿ ಮಾತ್ರ ದಲ್ಲಾಳಿಗಳಲ್ಲಿ ಹಲವರನ್ನು ಇನ್ನೂ ಬಿಟ್ಟಿಲ್ಲ.

ಇನ್ನು ಸ್ಪರ್ಧೆಯ ಮಾತು. ಒಂದು ಬೀದಿಯಲ್ಲಿ ಇಬ್ಬರು ತರಕಾರಿ ಮಾರುವವರಿದ್ದರೆ ಕೊಳ್ಳುವವನಿಗೆ ಲಾಭ. ಹತ್ತು ಮಂದಿ ದಲ್ಲಾಳಿಗಳಿದ್ದರೂ ಹಾಗೆಯೇ ಲಾಭವಾಗಬೇಕಲ್ಲವೇ ಎಂದು ಕೇಳಬಹುದು. ಆಗುತ್ತಿಲ್ಲ. ಏಕೆಂದರೆ ತರಕಾರಿಯವನು ತನ್ನ ಬುಟ್ಟಿಯ ಮಾಲನ್ನು ಮಾರುತ್ತಾನೆ. ದಲ್ಲಾಳಿಗಳು ಹತ್ತು ಮಂದಿಯೂ ತಮ್ಮದಲ್ಲದ ಒಂದೇ ಮನೆಯನ್ನು ತೋರಿಸುತ್ತಾರೆ. ಯಾರ ಕೈಯಲ್ಲಿ ವ್ಯವಹಾರ ಕುದುರಿತೋ ಅವನಿಗೆ ಸಂಪೂರ್ಣ ದಲ್ಲಾಳಿ; ಇಪ್ಪತ್ತು ದಿನ ಬಿಸಿಲಲ್ಲಿ ಮೆಟ್ಟಲು ಹತ್ತಿಸಿದ ಇನ್ನೊಬ್ಬನಿಗೆ ಒಂದು ಕಪ್ ಚಹಾದ ದುಡ್ಡೂ ಇಲ್ಲ. ಹೀಗಿರುವಾಗ ಪ್ರಾಮಾಣಿಕನು ಯಾರೆಂಬುದಕ್ಕಲ್ಲ, ಮೊದಲು ಮುಗಿಸುವವನು ಯಾರೆಂಬುದಕ್ಕೆ ಸ್ಪರ್ಧೆ ನಡೆಯುತ್ತದೆ. 'ಸಂಜೆ ಇನ್ನೊಂದು ಪಾರ್ಟಿ ಟೋಕನ್ ತರುತ್ತಿದೆ' ಎಂಬ ಅವಸರದ ಮಾತು ಹುಟ್ಟುವುದು ಇಲ್ಲಿಯೇ. ಕಡಿಮೆ ಬಾಡಿಗೆಯ ಸುಂದರ ಮನೆಯೊಂದನ್ನು ಜಾಹೀರಾತಿನಲ್ಲಿ ತೋರಿಸಿ, ವಿಚಾರಿಸಿದವನಿಗೆ 'ಅದು ನಿನ್ನೆಯೇ ಹೋಯಿತು, ಬೇರೊಂದಿದೆ' ಎನ್ನುವುದೂ ಇದರ ಫಲವೇ. ಗಿರಾಕಿಯು ನೇರವಾಗಿ ಮಾಲಿಕನನ್ನು ಕಂಡಾನೆಂಬ ಭಯದಿಂದ ವಿಳಾಸವನ್ನೂ ಕಡೆಯ ಗಳಿಗೆಯವರೆಗೆ ಬಚ್ಚಿಡುತ್ತಾರೆ. ಬಚ್ಚಿಡುವುದಕ್ಕೆ ಕಾರಣವಿಲ್ಲದಿಲ್ಲ, ಮನೆ ನೋಡಿಬಂದು ದಲ್ಲಾಳಿಯ ಬೆನ್ನ ಹಿಂದೆ ಮಾಲಿಕನೊಡನೆ ಕುದುರಿಸಿಕೊಳ್ಳುವ ಜಾಣರು ನಮ್ಮವರಲ್ಲಿಯೂ ಇದ್ದಾರೆ.

ಈ ಪೈಪೋಟಿಯಿಂದ ಬಾಡಿಗೆ ಇಳಿಯುವ ಬದಲು ಏರುವುದೂ ಉಂಟು. ಮನೆಯ ಬೀಗದ ಕೈ ತನ್ನ ಅಂಗಡಿಗೆ ಬರಬೇಕೆಂದು ಒಬ್ಬನು ಮಾಲಿಕನಿಗೆ ಇಪ್ಪತ್ತು ಸಾವಿರದ ಆಸೆ ತೋರಿಸಿದರೆ, ಪಕ್ಕದವನು ಇಪ್ಪತ್ತೆರಡು ತರುವೆನೆನ್ನುತ್ತಾನೆ. ಆ ಎರಡು ಸಾವಿರವನ್ನು ತೆರುವವನು ಆಗ ಅಲ್ಲಿ ಇರುವುದೇ ಇಲ್ಲ. ಕಚೇರಿಯಲ್ಲಿ ಕಡತಗಳ ನಡುವೆಯೋ, ಹೋಟೆಲಿನ ಗಲ್ಲೆಯ ಹಿಂದೆಯೋ ಇರುತ್ತಾನೆ.

ಸಂಘಟಿತ ವೃತ್ತಿಯಾದರೆ ಎಲ್ಲವೂ ಸರಿಹೋದೀತೆಂಬುದೂ ಪೂರ್ಣ ಸತ್ಯವಲ್ಲ. ಅಮೆರಿಕದ ರಿಯಲ್ ಎಸ್ಟೇಟ್ ಏಜೆಂಟರ ರಾಷ್ಟ್ರೀಯ ಸಂಘವು 1913ರಷ್ಟು ಹಿಂದೆಯೇ ನೀತಿಸಂಹಿತೆಯನ್ನು ಅಂಗೀಕರಿಸಿತ್ತು. ಆದರೂ ಮಾರುವವನ ಏಜೆಂಟನು ಕೊಳ್ಳುವವನ ಏಜೆಂಟನಿಗೆ ಕೊಡುವ ಕಮಿಷನ್ನಿನ ಪದ್ಧತಿಯು ಸ್ಪರ್ಧೆಯನ್ನು ಕೊಲ್ಲುತ್ತಿದೆ ಎಂದು ಮನೆ ಮಾರಿದವರು ಮೊಕದ್ದಮೆ ಹೂಡಿದರು. 2023ರಲ್ಲಿ ಮಿಸೌರಿ ರಾಜ್ಯದಲ್ಲಿ ಕುಳಿತ ಜ್ಯೂರಿಯು ಸಂಘದ ಹಾಗೂ ದೊಡ್ಡ ಸಂಸ್ಥೆಗಳ ವಿರುದ್ಧ ತೀರ್ಪಿತ್ತಿತು. 2024ರಲ್ಲಿ ಸಂಘವು 41 ಕೋಟಿ 80 ಲಕ್ಷ ಡಾಲರುಗಳ ರಾಜಿಗೆ ಒಪ್ಪಿತು. ಕೊಳ್ಳುವವನಿಗೆ ಮನೆ ತೋರಿಸುವ ಮೊದಲೇ ಆತನೊಡನೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕೆಂಬ ನಿಯಮವು ಆ ವರ್ಷದ ಆಗಸ್ಟಿನಿಂದ ಬಂದಿತು. ನಾನು ಯಾರ ಕಡೆಯವನು, ನನಗೆ ಎಷ್ಟು ಸಲ್ಲಬೇಕು ಎಂಬೆರಡನ್ನು ಕಾಗದದ ಮೇಲೆ ಮೊದಲೇ ಹೇಳಿಸಲು ಅಷ್ಟೊಂದು ವ್ಯಾಜ್ಯ ಬೇಕಾಯಿತು.

ನಮ್ಮ ದೇಶದಲ್ಲಿ ಈ ದಿಕ್ಕಿನ ದೊಡ್ಡ ಹೆಜ್ಜೆಯೆಂದರೆ 2016ರ ರಿಯಲ್ ಎಸ್ಟೇಟ್ ಕಾಯಿದೆ. 'ರೇರಾ' ಎಂದು ಎಲ್ಲರೂ ಕರೆಯುವುದು ಇದನ್ನೇ. ಇದರ ಪ್ರಕಾರ ನೋಂದಣಿಯಾಗಬೇಕಾದ ಯೋಜನೆಗಳ ಫ್ಲ್ಯಾಟುಗಳನ್ನು ಮಾರಿಸುವ ಏಜೆಂಟನು ತಾನೂ ನೋಂದಾಯಿಸಿಕೊಂಡಿರಬೇಕು, ಲೆಕ್ಕಪತ್ರವಿಡಬೇಕು, ನೋಂದಣಿಯಾಗದ ಯೋಜನೆಯನ್ನು ಮಾರಲು ನೆರವಾಗಕೂಡದು. ತಪ್ಪಿದರೆ ದಿನಕ್ಕೆ ಹತ್ತು ಸಾವಿರ ರೂಪಾಯಿಯಂತೆ, ಮನೆಯ ಬೆಲೆಯ ಶೇಕಡಾ ಐದರವರೆಗೂ ದಂಡ ಬೀಳಬಹುದು. 2023ರಲ್ಲಿ ಮಹಾರಾಷ್ಟ್ರದ ಪ್ರಾಧಿಕಾರವು ಏಜೆಂಟರಿಗೆ ತರಬೇತಿಯನ್ನೂ ಪರೀಕ್ಷೆಯನ್ನೂ ಗೊತ್ತುಪಡಿಸಿತು. ಊರಿನ ಗದ್ದೆ ಮಾರಿಯೋ ಭವಿಷ್ಯನಿಧಿಯಿಂದ ತೆಗೆದೋ ವಿರಾರ, ಡೊಂಬಿವಲಿ ಕಡೆ ಒಂದು ಪುಟ್ಟ ಫ್ಲ್ಯಾಟ್ ಕೊಳ್ಳಹೊರಟವರು, ಟೋಕನ್ ಕೊಡುವ ಮುಂಚೆ ಯೋಜನೆಯ ಮತ್ತು ಏಜೆಂಟನ ನೋಂದಣಿ ಸಂಖ್ಯೆಗಳೆರಡನ್ನೂ ಕೇಳಿ ಮಹಾರೇರಾದ ಜಾಲತಾಣದಲ್ಲಿ ತಾಳೆ ನೋಡುವುದು ಐದು ನಿಮಿಷದ ಕೆಲಸ. ಕರಾರುಪತ್ರ ನೋಂದಣಿಯಾಗುವ ಮೊದಲು ಬಿಲ್ಡರನು ಬೆಲೆಯ ಶೇಕಡಾ ಹತ್ತಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ ಎಂಬುದನ್ನೂ ನೆನಪಿಡತಕ್ಕದ್ದು.

ಆದರೆ ಇಲ್ಲಿ ಒಂದು ತೊಡಕಿದೆ. ಆ ಕಾಯಿದೆಯು ಏಜೆಂಟನನ್ನು ಕ್ರಯದ ವ್ಯವಹಾರದ ಮಟ್ಟಿಗೆ ಮಾತ್ರ ಗುರುತಿಸುತ್ತದೆ. ಬಾಡಿಗೆಮನೆ ತೋರಿಸುವವನು ಅದರ ಹೊರಗೇ ಉಳಿದಿದ್ದಾನೆ. ಸಂಬಳ ಸಣ್ಣದಾಗಿರುವ ನಮ್ಮ ವಾಚಕರಲ್ಲಿ ಬಹುಮಂದಿಗೆ ಗಂಟು ಬೀಳುವವನು ಆತನೇ.

ಅವರಿಗೆ ಆಧಾರವಾಗಿರುವುದು 1999ರ ಬಾಡಿಗೆ ಕಾಯಿದೆಯ 55ನೆಯ ಕಲಮು. ಲೀವ್ ಅಂಡ್ ಲೈಸೆನ್ಸ್ ಕರಾರು ಲಿಖಿತವಾಗಿರಬೇಕು, ನೋಂದಣಿಯೂ ಆಗಬೇಕು. ನೋಂದಣಿ ಮಾಡಿಸುವ ಹೊಣೆ ಮಾಲಿಕನದು. ತಪ್ಪಿದರೆ ಮೂರು ತಿಂಗಳವರೆಗಿನ ಸೆರೆ ಅಥವಾ ಐದು ಸಾವಿರ ರೂಪಾಯಿಯವರೆಗಿನ ದಂಡ, ಇಲ್ಲವೆ ಎರಡೂ. ಅಂತಹ ಕಾಗದವಿಲ್ಲದಿದ್ದಲ್ಲಿ ಕರಾರಿನ ಷರತ್ತುಗಳ ವಿಷಯದಲ್ಲಿ, ವಿರುದ್ಧ ಸಾಬೀತಾಗುವವರೆಗೆ, ಬಾಡಿಗೆಗಿದ್ದವನ ಮಾತೇ ನಡೆಯುತ್ತದೆ. 'ಹನ್ನೊಂದು ತಿಂಗಳಿಗೆ ನೋಂದಣಿ ಬೇಕಾಗಿಲ್ಲ' ಎಂದು ಹೇಳುವ ದಲ್ಲಾಳಿಗಳು ಬೇರೆ ರಾಜ್ಯಗಳ ರೂಢಿಯನ್ನು ಇಲ್ಲಿ ಉರುಹೊಡೆಯುತ್ತಿದ್ದಾರಷ್ಟೆ. ಮಹಾರಾಷ್ಟ್ರದಲ್ಲಿ ಆ ಮಾತು ಸಲ್ಲದು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ 'ಹೆವಿ ಡಿಪಾಜಿಟ್' ಎಂಬ ವ್ಯವಹಾರವೇ ಕಾರಣ. ಲಕ್ಷಗಟ್ಟಲೆ ಹಣವನ್ನು ಒಮ್ಮೆಗೇ ಒಪ್ಪಿಸಿದರೆ ತಿಂಗಳ ಬಾಡಿಗೆ ಇಲ್ಲವೆಂಬುದು ಅದರ ಆಕರ್ಷಣೆ. ಒಂದೇ ಮನೆಯನ್ನು ಇಬ್ಬರಿಗೆ ಮೂವರಿಗೆ ಹೀಗೆ ಒಪ್ಪಿಸಿ ಹಣದೊಡನೆ ಮಾಯವಾಗುವವರಿದ್ದಾರೆ. ತಾನೇ ಬಾಡಿಗೆಗಿರುವವನು ಮಾಲಿಕನ ವೇಷ ಹಾಕಿ ಕುಳಿತುಕೊಳ್ಳುವುದೂ ಉಂಟು. ಮನೆ ಯಾರ ಹೆಸರಿನಲ್ಲಿದೆ ಎಂಬುದನ್ನು ಉಪನೋಂದಣಿ ಕಚೇರಿಯ 'ಇಂಡೆಕ್ಸ್ ಎರಡು' ಪತ್ರಿಕೆಯೂ ಸೊಸೈಟಿಯ ಷೇರು ಸರ್ಟಿಫಿಕೇಟೂ ತೋರಿಸುತ್ತವೆ. ಅವನ್ನು ಕೇಳಲು ನಮ್ಮವರು ಸಂಕೋಚಪಡುತ್ತಾರೆ. ದಲ್ಲಾಳಿಯು ಕನ್ನಡದಲ್ಲೋ ತುಳುವಿನಲ್ಲೋ ಊರಿನ ಸುದ್ದಿ ತೆಗೆದನೆಂದರೆ ಇನ್ನೂ ಹೆಚ್ಚು. 'ನಮ್ಮವರೇ ಅಲ್ಲವೇ ಮಾರಾಯ್ರೆ, ಕಾಗದ ಯಾಕೆ' ಎನ್ನುವಾತನು ಸಜ್ಜನನೇ ಇರಬಹುದು. ಆದರೆ ಸಜ್ಜನನಾದ ದಲ್ಲಾಳಿಗೆ ಕಾಗದದಿಂದ ಯಾವ ನಷ್ಟವೂ ಇಲ್ಲ. ಕಾಗದ ಕೇಳಿದ ಗಿರಾಕಿಯನ್ನು ಕಳೆದುಕೊಂಡು, ಕೇಳದವನನ್ನು ಪಕ್ಕದ ಅಂಗಡಿಗೆ ಬಿಟ್ಟುಕೊಡಬೇಕಾಗಿ ಬರುವವನೂ ಆತನೇ ಎಂಬುದನ್ನು ಮರೆಯಬಾರದು.

ಖರ್ಚಿನ ನೆಪಕ್ಕೂ ಆಸ್ಪದವಿಲ್ಲ. ಕರಾರಿನ ಸ್ಟಾಂಪ್ ಶುಲ್ಕವು ಒಟ್ಟು ಬಾಡಿಗೆಯ ಶೇಕಡಾ ಕಾಲು ಭಾಗ. ತಿಂಗಳಿಗೆ ಇಪ್ಪತ್ತು ಸಾವಿರದ ಮನೆಗೆ ಹನ್ನೊಂದು ತಿಂಗಳ ಬಾಡಿಗೆ 2,20,000 ರೂಪಾಯಿ. ಅದರ ಮೇಲಿನ ಶುಲ್ಕ 550 ರೂಪಾಯಿ. ಡಿಪಾಜಿಟ್ಟಿನ ಬಗ್ಗೆ ಅಲ್ಪಸ್ವಲ್ಪ ಸೇರುತ್ತದೆ, ನಗರದಲ್ಲಿ ನೋಂದಣಿಗೆ ಸಾವಿರ ರೂಪಾಯಿ. 'ಪೇಪರ್ ಖರ್ಚು' ಎಂದು ದಲ್ಲಾಳಿಯು ಐದಾರು ಸಾವಿರ ಕೇಳಿದಾಗ, ಈ ಲೆಕ್ಕವನ್ನು ಬರೆದು ಆತನ ಮುಂದಿಟ್ಟು, ಉಳಿದುದಕ್ಕೆ ರಸೀತಿಯನ್ನು ಕೇಳಬಹುದು.